ನಂಬರು ಫಲಕ ಮತ್ತು ನಮ್ಮೂರ ಕೆಂಪು ಕೆಸರು

ಮಳೆಗಾಲ ಕಾಲಿಟ್ಟಿತೆಂದರೆ ನನ್ನ ದಿನಚರಿಗೆ ಒಂದು ಚಿಕ್ಕ ಕೆಲಸ ಸೇರಿಕೊಳ್ಳುತ್ತದೆ. ಪೇಟೆಯಿಂದ ಹಿಂತಿರುಗಿ ಬೈಕನ್ನು ಅಂಗಳದ ಮೂಲೆಯಲ್ಲಿ ನಿಲ್ಲಿಸಿದೊಡನೆ, ರೇನ್‌ಕೋಟು ಬಿಚ್ಚುವುದಕ್ಕೂ ಮೊದಲು, ಬಾವಿಕಟ್ಟೆಯ ಬಳಿಯಿಂದ ಒಂದು ಚೊಂಬು ನೀರು ತಂದು ಹಿಂದಿನ ನಂಬರು ಫಲಕದ ಮೇಲೆ ಸುರಿಯುತ್ತೇನೆ. ಅನಂತರ ಹಳೆಯ ಪಂಚೆಯ ತುಂಡಿನಿಂದ ಅದನ್ನು ಮೆಲ್ಲನೆ ಒರೆಸುತ್ತೇನೆ. ಮುಂದಿನ ಫಲಕಕ್ಕೂ ಅದೇ ಉಪಚಾರ. ಎರಡು ನಿಮಿಷದ ಕೆಲಸ. ಬೈಕಿನ ಉಳಿದ ಭಾಗ ಭಾನುವಾರದವರೆಗೆ ಕೆಸರಲ್ಲೇ ಇರುತ್ತದೆ. ನನ್ನ ಹೆಂಡತಿಯ ದೃಷ್ಟಿಯಲ್ಲಿ ಇದು ಮುದುಕನ ಗೀಳು.

ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದ ಮೊಮ್ಮಗ ಜಗುಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ. "ಅಜ್ಜ, ಇಡೀ ಬೈಕೇ ಕೆಸರಾಗಿದೆ. ನೀವು ನಂಬರ್ ಪ್ಲೇಟ್ ಮಾತ್ರ ಯಾಕೆ ತೊಳೀತೀರಿ?" ಎಂದು ಕೇಳಿದ. "ಉಳಿದ ಬೈಕೆಲ್ಲ ನನಗಾಗಿ ಇರುವುದು ಮಗೂ, ಆ ಫಲಕ ಮಾತ್ರ ಬೇರೆಯವರಿಗಾಗಿ ಇರುವುದು" ಎಂದೆ. ಅವನಿಗೆ ಉತ್ತರ ತೃಪ್ತಿ ಕೊಡಲಿಲ್ಲ. ಸರಿಯಾಗಿ ಉತ್ತರಿಸಬೇಕೆಂದರೆ ಒಂದಷ್ಟು ಇತಿಹಾಸವನ್ನೂ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. 1977ರಿಂದ 2014ರವರೆಗೆ ಮೂವತ್ತೇಳು ವರ್ಷ ಸಮಾಜ ವಿಜ್ಞಾನ ಕಲಿಸಿದವನಿಗೆ ಚಿಕ್ಕದಾಗಿ ಉತ್ತರಿಸುವ ಅಭ್ಯಾಸವಿಲ್ಲವೆಂಬುದು ನನ್ನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಅವರು ಈಗಲೂ ಸಹಿಸಿಕೊಂಡು ಓದಬೇಕೆಂದು ವಿನಂತಿ.

ಮೊದಲು ಕೆಸರಿನಿಂದಲೇ ಆರಂಭಿಸೋಣ. ಕುಮಟೆಯಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರು, ಅಲ್ಲಿಂದ ಭಟ್ಕಳಕ್ಕೆ ಸುಮಾರು 40. ಧಾರೇಶ್ವರ, ಹಳದೀಪುರ, ಕರ್ಕಿ. ಶರಾವತಿ ದಾಟಿದ ಮೇಲೆ ಕಾಸರಕೋಡ, ಮಂಕಿ, ಮುರ್ಡೇಶ್ವರದ ತಿರುವು, ಶಿರಾಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ನಡುವೆ ಹೆದ್ದಾರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಪಟ್ಟಿಯಲ್ಲಿ ಗುಡ್ಡದಿಂದ ಇಳಿಯುವ ನೀರೆಲ್ಲ ಕೆಂಪು. ಕಾರಣ ನಮ್ಮ ಚಿರೇಕಲ್ಲು. ಪಠ್ಯಪುಸ್ತಕದಲ್ಲಿ ಇದಕ್ಕೆ ಜಂಬಿಟ್ಟಿಗೆ ಎಂದು ಹೆಸರು.

1800 ಮತ್ತು 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ನಮ್ಮ ಈ ದಾರಿಯಲ್ಲೂ ಹಾದುಹೋದವನು. ಕೆಂಪುಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಅವನೇ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಕಲ್ಲಿನ ಒಂದು ಗುಣದ ವಿವರಣೆಯಿದೆ. ನೆಲದೊಳಗಿರುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕತ್ತರಿಸಲು ಬರುವಷ್ಟು ಮೆದು. ಹೊರತೆಗೆದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿ. ನಮ್ಮ ಕಲ್ಲುಕ್ವಾರಿಯ ಕೆಲಸಗಾರರಿಗೆ ಇದು ಬುಕನನ್ನನಿಗಿಂತ ಎಷ್ಟೋ ಮೊದಲೇ ಗೊತ್ತಿದ್ದ ಸಂಗತಿ. ಸಾವಿರಾರು ವರ್ಷಗಳ ಮಳೆಯಲ್ಲಿ ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಉಳಿದು ಆದ ಕಲ್ಲು ಇದು. ಇದರ ಪುಡಿ ಬಹಳ ನುಣುಪು. ಬಟ್ಟೆಗೆ ಹತ್ತಿದರೆ ಕಲೆ ಹೋಗದು. ಬೈಕಿನ ಫಲಕಕ್ಕೆ ಸಿಡಿದ ಕೆಸರೂ ಹಸಿಯಿರುವಾಗ ಒಂದು ಚೊಂಬು ನೀರಿಗೆ ಹೋಗುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟರೆ ಮರುದಿನ ಉಗುರಿನಿಂದ ಕೆರೆಯಬೇಕು. ರೇನ್‌ಕೋಟು ಬಿಚ್ಚುವ ಮೊದಲೇ ನಾನು ಚೊಂಬು ಹಿಡಿಯುವುದು ಇದಕ್ಕಾಗಿ.

ಇನ್ನು ಫಲಕದ ಕಥೆ.

ಯಾನವೊಂದಕ್ಕೆ ಗುರುತು ಬೇಕೆಂಬ ಕಲ್ಪನೆ ನಮ್ಮ ಕರಾವಳಿಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು 'ಕಾರ್ತಾಜ್' ಎಂಬ ರಹದಾರಿ ಪತ್ರವನ್ನು ಜಾರಿಗೆ ತಂದರು. ಭಟ್ಕಳ, ಹೊನ್ನಾವರಗಳಂಥ ಬಂದರುಗಳ ಹಡಗುಗಳು ಈ ಪತ್ರ ಇಟ್ಟುಕೊಳ್ಳದೆ ಸಮುದ್ರಕ್ಕಿಳಿದರೆ ಪೋರ್ಚುಗೀಸ್ ನೌಕೆಗಳು ಅಡ್ಡಹಾಕಿ ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದವು. ಹಡಗು ಯಾವುದು, ನಾಯಕ ಯಾರು, ಎಲ್ಲಿಗೆ ಪಯಣ ಎಂಬುದೆಲ್ಲ ಅದರಲ್ಲಿ ನಮೂದಾಗಿರಬೇಕಿತ್ತು. ಆದರೆ ಆ ಗುರುತು ಇದ್ದದ್ದು ಬಲಶಾಲಿಯ ಅನುಕೂಲಕ್ಕಾಗಿ. ದಡದಲ್ಲಿ ನಿಂತ ಬೆಸ್ತನಿಗೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ.

ದಾರಿಯಲ್ಲಿ ನಡೆದುಹೋಗುವ ಯಾರು ಬೇಕಾದರೂ ಓದಬಹುದಾದ ಗುರುತು ಬಂದದ್ದು ಪ್ಯಾರಿಸ್ ನಗರದಲ್ಲಿ. 1893ರ ಆಗಸ್ಟ್ 14ರಂದು ಅಲ್ಲಿನ ಪೊಲೀಸ್ ಆಡಳಿತ ಹೊರಡಿಸಿದ ಆಜ್ಞೆಯ ಪ್ರಕಾರ ಪ್ರತಿಯೊಂದು ಮೋಟಾರು ವಾಹನದ ಮೇಲೂ ಮಾಲೀಕನ ಹೆಸರು, ವಿಳಾಸ ಹಾಗೂ ಅನುಮತಿ ಸಂಖ್ಯೆಯಿರುವ ಲೋಹದ ಫಲಕ ಇರಬೇಕಾಗಿತ್ತು. ಅಕ್ಷರಗಳು ಓದುವಂತಿರಬೇಕು, ಫಲಕವನ್ನು ಎಂದಿಗೂ ಮರೆಮಾಡಕೂಡದು ಎಂದೂ ಅದರಲ್ಲಿತ್ತು. ಗಮನಿಸಿ: ನಂಬರು ಫಲಕ ಹುಟ್ಟಿದ ದಿನವೇ 'ಮರೆಯಾಗಕೂಡದು' ಎಂಬ ಷರತ್ತೂ ಹುಟ್ಟಿತು.

ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆ 1904ರ ಜನವರಿ 1ರಿಂದ ಜಾರಿಗೆ ಬಂತು. ಆಗ ಅಲ್ಲಿನ ರಸ್ತೆಗಳಿಗೆ ಡಾಂಬರಿರಲಿಲ್ಲ; ಬೇಸಗೆಯಲ್ಲಿ ಧೂಳು, ಮಳೆಯಲ್ಲಿ ರಾಡಿ. ಆದ್ದರಿಂದ ಆ ಕಾಯಿದೆ ಬರೆದವರು ಒಂದು ಸೂಕ್ಷ್ಮವನ್ನು ಯೋಚಿಸಿದ್ದರು. ಫಲಕವನ್ನು ಬೇಕೆಂದೇ ಮುಚ್ಚಿದವನು ಮಾತ್ರವಲ್ಲ, ಅದು ಓದಲಾಗದ ಸ್ಥಿತಿಗೆ ಬರುವಂತೆ ಬಿಟ್ಟುಬಿಟ್ಟವನೂ ಅಪರಾಧಿಯೇ. ಆದರೆ ಸಾಧ್ಯವಿದ್ದ ಎಲ್ಲ ಎಚ್ಚರಿಕೆಯನ್ನೂ ವಹಿಸಿದ್ದೆನೆಂದು ತೋರಿಸಿಕೊಟ್ಟವನಿಗೆ ಮಾಫಿ ಇತ್ತು. ದಾರಿಯ ಕೆಸರಿಗೆ ಸವಾರ ಹೊಣೆಯಲ್ಲ. ಅದನ್ನು ಒರೆಸದೆ ಬಿಟ್ಟದ್ದಕ್ಕೆ ಹೊಣೆ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಭಾರತದಲ್ಲಿ ಮೊದಲ ಅಖಿಲ ಭಾರತ ಮೋಟಾರು ವಾಹನ ಕಾಯಿದೆ 1914ರದು, ಅನಂತರದ್ದು 1939ರದು, ಈಗ ಇರುವುದು 1988ರದು. ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ನಂಬರು ಫಲಕವೆಂದರೆ ಆಡಳಿತದ ಇತಿಹಾಸವೇ. 1862ರಲ್ಲಿ ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ನಮ್ಮದು ಮುಂಬಯಿಯ ಜಿಲ್ಲೆ. ಮೋಟಾರು ಬಂದ ಕಾಲದಲ್ಲೂ ಇಲ್ಲಿನ ವಾಹನಗಳು ಮುಂಬಯಿಯ ನೋಂದಣಿಯವು. 1956ರ ನವೆಂಬರ್ 1ರಂದು ಏಕೀಕರಣವಾಗಿ ಮೈಸೂರು ರಾಜ್ಯಕ್ಕೆ ಸೇರಿದೆವು. ಫಲಕಗಳ ಮೇಲೆ ಮೈಸೂರನ್ನು ಸೂಚಿಸುವ ಎಂ.ವೈ. ಅಕ್ಷರಗಳು ಬಂದವು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಆದರೂ ಹಳೆಯ ವಾಹನಗಳ ಬೆನ್ನಿನ ಮೇಲೆ ಮೈಸೂರು ಎಷ್ಟೋ ವರ್ಷ ಓಡಾಡಿಕೊಂಡಿತ್ತು. 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ದೇಶಕ್ಕೆಲ್ಲ ಒಂದೇ ಪದ್ಧತಿಯಾಗಿ ನಮಗೆ ಕೆಎ ದೊರೆಯಿತು. ಕಾರವಾರಕ್ಕೆ ಕೆಎ-30, ಶಿರಸಿಗೆ ಕೆಎ-31, ಬಳಿಕ ಹೊನ್ನಾವರಕ್ಕೆ ಕೆಎ-47. ಇಂದು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ಹೊಸ ಬೈಕುಗಳಿಗೆ ಈ ನಲವತ್ತೇಳೇ ಮನೆತನದ ಹೆಸರಿದ್ದಂತೆ.

ನಮ್ಮ ಮನೆಗೆ ಬಂದ ಮೊದಲ 'ನಂಬರು' ಮಾತ್ರ ಮೋಟಾರಿನದಲ್ಲ, ತಂದೆಯವರ ಸೈಕಲ್ಲಿನದು. ಆಗ ಸೈಕಲ್ಲಿಗೂ ತೆರಿಗೆಯಿತ್ತು. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ತಗಡಿನ ಒಂದು ಬಿಲ್ಲೆ ಕೊಡುತ್ತಿದ್ದರು. ಅದನ್ನು ಸೈಕಲ್ಲಿಗೆ ಬಿಗಿಯಬೇಕು. ಪ್ರತಿ ವಿಜಯದಶಮಿಯ ಹಿಂದಿನ ದಿನ, ಆಯುಧಪೂಜೆಗೆ, ತಂದೆಯವರು ಆ ಬಿಲ್ಲೆಯನ್ನು ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕಿ ಹೊಳೆಯುವಂತೆ ಮಾಡುತ್ತಿದ್ದರು. ದೇವರ ಪಾತ್ರೆಗೆ ಏನೋ ಬಿಲ್ಲೆಗೂ ಅದೇ. ಆ ಪಾಠ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಉಳಿದದ್ದರಿಂದ ಮುಂದೆ ಒಂದು ಫಜೀತಿಯೂ ಆಯಿತು.

1984ರಲ್ಲಿ ನಾನು ಒಂದು ಹಳೆಯ ಯೆಜ್ಡಿ ಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಗಾಡಿಯ ಸದ್ದು ಮಾತ್ರ ನನ್ನ ಹಳೆಯ ವಿದ್ಯಾರ್ಥಿಗಳ ಕಿವಿಯಲ್ಲಿ ಇನ್ನೂ ಇರಬೇಕು. ಆ ಸದ್ದು ಶಾಲೆಯ ಏರಿನಲ್ಲಿ ಕೇಳಿದೊಡನೆ ತರಗತಿ ನಿಶ್ಶಬ್ದವಾಗುತ್ತಿತ್ತೆಂದು ನೀವೇ ಅನೇಕರು ನನಗೆ ಹೇಳಿದ್ದೀರಿ. ಯೆಜ್ಡಿಯದು ಎರಡು ಸ್ಟ್ರೋಕಿನ ಎಂಜಿನು. ಪೆಟ್ರೋಲಿಗೇ ಆಯಿಲು ಬೆರೆಸಿ ಹಾಕಬೇಕು. ಸುಟ್ಟು ಉಳಿದ ಆಯಿಲಿನ ಹೊಗೆ ಎಡಕ್ಕೊಂದು ಬಲಕ್ಕೊಂದು ಇರುವ ಸೈಲೆನ್ಸರಿನಿಂದ ಹೊರಬರುತ್ತದೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿ ಸುಳಿಯಾಗಿ ಸುತ್ತುತ್ತದೆ. ಹೊಗೆಯನ್ನೂ ಚಕ್ರ ಎಬ್ಬಿಸಿದ ಧೂಳನ್ನೂ ಹಿಂದಕ್ಕೆ ಹೋಗಗೊಡದೆ ಫಲಕದ ಮೇಲೆಯೇ ತಂದು ಕೂರಿಸುತ್ತದೆ. ಮುಂದಿನ ಫಲಕಕ್ಕಿಂತ ಹಿಂದಿನದು ಬೇಗ ಕೊಳೆಯಾಗುವುದಕ್ಕೆ ಇದೇ ಕಾರಣ. ಆಯಿಲಿನ ಜಿಡ್ಡು, ಅದರ ಮೇಲೆ ಚಿರೇಕಲ್ಲಿನ ಕೆಂಪು ಪುಡಿ, ಅದರ ಮೇಲೆ ಕಡಲ ಗಾಳಿಯ ಉಪ್ಪುಪಸೆ. ಮೂರೂ ಸೇರಿದರೆ ಆಗುವ ಲೇಪಕ್ಕೆ ಬರಿಯ ನೀರು ಏನೂ ಮಾಡಲಾರದು.

ಆ ಕಾಲದ ಫಲಕವೆಂದರೆ ಕಬ್ಬಿಣದ ತಗಡು. ಖಾಸಗಿ ವಾಹನಕ್ಕೆ ಕಪ್ಪು ಬಣ್ಣ, ಅದರ ಮೇಲೆ ಬಿಳಿ ಅಂಕಿಗಳು. ಈಗಿರುವ ಬಿಳಿ ಫಲಕ, ಕಪ್ಪು ಅಂಕಿ ಬಂದದ್ದು 2000ರ ದಶಕದ ಆರಂಭದಲ್ಲಿ. ಅಂಕಿಗಳನ್ನು ಬರೆಯುತ್ತಿದ್ದವರು ಪೇಟೆಯ ಪೇಂಟರುಗಳು. ಅಂಗಡಿಯ ಬೋರ್ಡು, ಯಕ್ಷಗಾನ ಮೇಳದ ಬ್ಯಾನರು, ದೋಣಿಯ ಹೆಸರು, ನಂಬರು ಫಲಕ ಎಲ್ಲ ಅದೇ ಕುಂಚದಿಂದ. ನನ್ನ ಯೆಜ್ಡಿಗೆ ಬರೆದುಕೊಟ್ಟ ಪೇಂಟರರು 2 ಅಂಕಿಯ ಬಾಲಕ್ಕೆ ಒಂದು ಚಿಕ್ಕ ಕೊಂಕು ಕೊಡುತ್ತಿದ್ದರು. ಹೊನ್ನಾವರದ ರಸ್ತೆಯಲ್ಲಿ ಆ ಕೊಂಕು ಕಂಡರೆ ಇದು ಅವರದೇ ಕೈ ಎಂದು ಹೇಳಬಹುದಿತ್ತು.

ಒಂದು ಆಯುಧಪೂಜೆಗೆ ನಾನು ತಂದೆಯವರ ಪಾಠವನ್ನು ಯೆಜ್ಡಿಯ ಮೇಲೆ ಪ್ರಯೋಗಿಸಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರಿನಿಂದ ಮೊದಲು, ಹುಣಸೆಹಣ್ಣು ಬೂದಿಯಿಂದ ಆಮೇಲೆ. ಜಿಡ್ಡು ಹೋಯಿತು. ಜತೆಗೆ ಬಣ್ಣವೂ ಅಲ್ಲಲ್ಲಿ ಹೋಯಿತು. ಹಿತ್ತಾಳೆಯ ಪಾತ್ರೆಯ ಔಷಧ ಎನಾಮಲ್ ಬಣ್ಣಕ್ಕೆ ಆಗದು ಎಂಬುದು ನನಗೆ ಹೊಳೆದಿರಲಿಲ್ಲ. ನಂಬರಿನ ಕೊನೆಯ 8 ಅಂಕಿಯ ಎಡಗಡೆ ಅಳಿಸಿ ಅದು 3 ಆಗಿತ್ತು. ಎರಡು ವಾರ ನಾನು ಅದನ್ನು ಗಮನಿಸದೆ ಬೇರೆ ಯಾರದೋ ನಂಬರಿನಲ್ಲಿ ಓಡಾಡಿದೆ. ಭಟ್ಕಳದ ದಾರಿಯಲ್ಲಿ ಪೊಲೀಸರೊಬ್ಬರು ನಿಲ್ಲಿಸಿ, ಕಾಗದಪತ್ರ ನೋಡಿ, ಫಲಕ ನೋಡಿ, ನನ್ನ ಮುಖ ನೋಡಿ, "ಮಾಸ್ತರ್ರೇ, ಲೆಕ್ಕ ತಪ್ಪಿತಲ್ಲ?" ಎಂದರು. ಅವರ ಮಗ ನನ್ನ ಶಾಲೆಯವನಾಗಿದ್ದ. ನಾಚಿಕೆಯಿಂದ ನೇರ ಪೇಂಟರರ ಅಂಗಡಿಗೆ ಹೋದೆ. ಅವರು ನಗುತ್ತಲೇ ಬರೆದುಕೊಟ್ಟು, "ನೀರಲ್ಲಿ ನೆನೆಹಾಕಿ, ಸಾಬೂನಿನ ನೊರೆ ಹಚ್ಚಿ, ಮೆತ್ತಗಿನ ಬಟ್ಟೆಯಲ್ಲಿ ಒರಸ್ರಿ. ತಿಕ್ಕಬೇಡಿ. ಕೊಳೆಗೆ ಟೈಮ್ ಕೊಟ್ರೆ ಅದೇ ಬಿಡ್ತದೆ" ಎಂದರು. ಎಷ್ಟೋ ವರ್ಷದ ಅನುಭವ ಆ ಮಾತಿನಲ್ಲಿತ್ತು.

ಈ ಪ್ರಸಂಗದ ಬಳಿಕ ನಾನು ಫಲಕ ತೊಳೆಯುವುದನ್ನೇ ಬಹುಮಟ್ಟಿಗೆ ಬಿಟ್ಟೆ. ತೊಳೆದು ಕೆಡಿಸುವುದಕ್ಕಿಂತ ತೊಳೆಯದಿರುವುದು ಮೇಲೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯೆಜ್ಡಿ ಹೋಗಿ ಹೀರೋ ಹೊಂಡಾ ಬಂತು, ಕಪ್ಪು ಹೋಗಿ ಬಿಳಿ ಫಲಕ ಬಂತು, ಪೇಂಟರರ ಕುಂಚ ಹೋಗಿ ಕತ್ತರಿಸಿ ಅಂಟಿಸುವ ರೇಡಿಯಂ ಅಕ್ಷರ ಬಂತು. ನನ್ನ ಅಸಡ್ಡೆ ಮಾತ್ರ ಬದಲಾಗಲಿಲ್ಲ. ಆಯುಧಪೂಜೆಗೊಮ್ಮೆ ತೊಳೆದರೆ ಆಯಿತು.

2012ರ ಜುಲೈ ತಿಂಗಳು. ನಾನು ತರಗತಿ ಶಿಕ್ಷಕನಾಗಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟು ಹೆದ್ದಾರಿಯ ಅಂಚಿನಲ್ಲಿ ಮನೆಗೆ ನಡೆದುಹೋಗುತ್ತಿದ್ದ. ಹಿಂದಿನಿಂದ ಬಂದ ಬೈಕು ಅವನಿಗೆ ಬಡಿಯಿತು. ಸವಾರ ಒಂದು ಕ್ಷಣ ನಿಂತ, ತಿರುಗಿ ನೋಡಿದ, ಹೊರಟುಹೋದ. ಬಿದ್ದಲ್ಲಿಂದಲೇ ಹುಡುಗ ಫಲಕವನ್ನು ನೋಡಿದ್ದಾನೆ. ಗಣಿತದಲ್ಲಿ ಚುರುಕಾಗಿದ್ದ ಹುಡುಗ, ನಾಲ್ಕು ಅಂಕಿ ನೆನಪಿಡುವುದು ಅವನಿಗೆ ಕಷ್ಟವೇ ಆಗಿರಲಿಲ್ಲ. ಆದರೆ ಕಂಡದ್ದು ಕೆಎ-47 ಅಷ್ಟೆ. ಕೆಳಗಿನ ಸಾಲಿನ ಮೇಲೆ ಕೆಂಪು ಕೆಸರು. ಭಟ್ಕಳದಿಂದ ಕುಮಟೆಯವರೆಗಿನ ಸಾವಿರಾರು ಬೈಕುಗಳಲ್ಲಿ ಒಂದು ಎಂದಷ್ಟೇ ಅದರಿಂದ ತಿಳಿಯುತ್ತಿತ್ತು.

ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ರಾಡು ಹಾಕಬೇಕಾಯಿತು. ತಂದೆ ಕೂಲಿ ಮಾಡುವವರು. ತಾಯಿಯ ಬಳೆಗಳು ಅಡವಿಗೆ ಹೋದವು. ಠಾಣೆಯಲ್ಲಿ ದೂರು ದಾಖಲಾಯಿತು, ವಿಚಾರಣೆ ನಡೆಯಿತು, ಕೊನೆಗೆ ವಾಹನ ಪತ್ತೆಯಾಗಲಿಲ್ಲವೆಂಬ ವರದಿಯೊಂದಿಗೆ ಕಡತ ಮುಚ್ಚಿತು. ಯಾರನ್ನೂ ದೂರುವಂತಿಲ್ಲ. ಇಲ್ಲದ ಅಂಕಿಯನ್ನು ಯಾರು ಹುಡುಕಿಯಾರು?

ಆಗ ನಾನು ಕಾನೂನಿನ ಪುಸ್ತಕ ತೆರೆದೆ. ವಾಹನ ಯಾವುದೆಂದು ತಿಳಿದಿದ್ದರೆ ಹಾದಿ ಬೇರೆಯೇ ಇತ್ತು. ನಮ್ಮ ದೇಶದಲ್ಲಿ 1946ರಿಂದಲೂ ವಾಹನಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಗಾಯಗೊಂಡವನು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹೋದರೆ ಆಸ್ಪತ್ರೆಯ ಖರ್ಚು, ನೋವು, ಕಳೆದ ದಿನಗಳು, ಮುಂದಿನ ದುಡಿಮೆಯ ನಷ್ಟ ಎಲ್ಲವನ್ನೂ ಲೆಕ್ಕ ಹಾಕಿ ಪರಿಹಾರ ನಿರ್ಣಯಿಸುತ್ತಾರೆ. ವಾಹನ ತಿಳಿಯದಿದ್ದರೆ ಮಾತ್ರ ಲೆಕ್ಕವೇ ಇಲ್ಲ, ಒಂದು ನಿಗದಿಯಾದ ಮೊತ್ತ. ಗುದ್ದಿ ಓಡಿಹೋದ ಪ್ರಕರಣಗಳಿಗೆ ಇಂಥ ಪರಿಹಾರ 1982ರ ತಿದ್ದುಪಡಿಯಲ್ಲಿ ಮೊದಲು ಬಂತು: ಸಾವಿಗೆ 5,000 ರೂಪಾಯಿ, ತೀವ್ರ ಗಾಯಕ್ಕೆ 1,000. 1988ರ ಕಾಯಿದೆ ಅದನ್ನು 8,500 ಮತ್ತು 2,000 ಮಾಡಿತು. 1994ರಲ್ಲಿ 25,000 ಮತ್ತು 12,500 ಆಯಿತು. ಆಮೇಲೆ 2022ರವರೆಗೆ ಅದೇ ನಿಂತಿತು. ಆ ವರ್ಷದ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಎಂದಾಗಿದೆ.

ನಮ್ಮ ಹುಡುಗನ ಪಾಲಿಗೆ ಇದ್ದದ್ದು 12,500. ಆಸ್ಪತ್ರೆಯ ಖರ್ಚು ಲಕ್ಷದ ಹತ್ತಿರ ಬಂದಿತ್ತು. ಆ 12,500ಕ್ಕೂ ಅರ್ಜಿ, ದಾಖಲೆ, ಓಡಾಟ ಎಲ್ಲ ಬೇಕಲ್ಲ! ಅವನ ತಂದೆಯವರೊಂದಿಗೆ ನಾನೂ ಕಚೇರಿಗಳಿಗೆ ಹೋಗಿಬರುತ್ತಿದ್ದೆ. ಒಂದು ಸಂಜೆ ಹೀಗೆ ಹಿಂತಿರುಗಿ ಅವರನ್ನು ಮನೆಯ ಮುಂದೆ ಇಳಿಸಿದೆ. ದಾರಿಯುದ್ದಕ್ಕೂ ನಾನು ಆ ಸವಾರನನ್ನು ಬೈಯುತ್ತ ಬಂದಿದ್ದೆ. ನಂಬರು ಮುಚ್ಚಿಕೊಂಡು ತಿರುಗುವವರಿಗೆ ಜೈಲಾಗಬೇಕೆಂದೂ ಹೇಳಿರಬೇಕು. ಅವರು ಇಳಿದು ಗಾಡಿಯ ಹಿಂದೆ ನಿಂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬಹಳ ಸಂಕೋಚದಿಂದ, "ಮಾಸ್ತರ್ರೇ, ನಿಮ್ಮ ಗಾಡೀದೂ ನಂಬ್ರ ಕಾಣ್ತಿಲ್ಲ" ಎಂದರು.

ನಾನು ಇಳಿದು ನೋಡಿದೆ. ಕೆಎ-30 ಕಾಣುತ್ತಿತ್ತು. ಕೆಳಗಿನ ಸಾಲಿನ ನಾಲ್ಕು ಅಂಕಿಗಳಲ್ಲಿ ಒಂದೂ ಕಾಣುತ್ತಿರಲಿಲ್ಲ.

ಅವರು ಆ ಮಾತನ್ನು ಆಕ್ಷೇಪವಾಗಿ ಹೇಳಲಿಲ್ಲ. ಮಗನ ಮೇಷ್ಟರಿಗೆ ಪೊಲೀಸರಿಂದ ತೊಂದರೆಯಾದೀತೆಂಬ ಕಾಳಜಿಯಿಂದ ಹೇಳಿದರು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ತಮ್ಮ ಹೆಗಲ ಮೇಲಿನ ಟವೆಲಿನಿಂದ ಒರೆಸಲು ಬಾಗಿದರು. ನಾನು ಬಿಡಲಿಲ್ಲ. ಅವರ ಕೈಯಿಂದ ಚೊಂಬು ಇಸಿದುಕೊಂಡು ನಾನೇ ತೊಳೆದೆ. ಕಿಟಕಿಯ ಬಳಿ ಕಾಲು ಚಾಚಿ ಕುಳಿತಿದ್ದ ಹುಡುಗ ಇದನ್ನೆಲ್ಲ ನೋಡುತ್ತಿದ್ದ. ಮೂವತ್ತೈದು ವರ್ಷದ ಮಾಸ್ತರಿಕೆಯಲ್ಲಿ ನಾನು ತಲೆ ತಗ್ಗಿಸಿದ ಕ್ಷಣಗಳು ಹೆಚ್ಚಿಲ್ಲ. ಅದರಲ್ಲಿ ಇದು ಮೊದಲನೆಯದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನಿಗೆ ಗುದ್ದಿದವನು ಬೇಕೆಂದೇ ಕೆಸರು ಬಳಿದುಕೊಂಡು ಬಂದಿರಲಾರ. ಮಳೆ ಬಳಿದಿತ್ತು, ಅವನು ಒರೆಸಿರಲಿಲ್ಲ, ನನ್ನಂತೆಯೇ. ಬೈಕು ನಿಲ್ಲಿಸಿ ತಿರುಗಿ ನೋಡಿದ ಆ ಒಂದು ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಏನು ನಡೆಯಿತೋ ದೇವರಿಗೇ ಗೊತ್ತು. ಫಲಕ ಶುಭ್ರವಾಗಿದ್ದರೆ ಓಡಿ ಪ್ರಯೋಜನವಿಲ್ಲವೆಂದು ಅವನೇ ಇಳಿದು ಬರುತ್ತಿದ್ದನೋ ಏನೋ. ಕೆಸರು ಅವನಿಗೆ ಓಡುವ ಧೈರ್ಯ ಕೊಟ್ಟಿರಬಹುದು. ಒಳ್ಳೆಯವನಾಗಿರಲು ನೆರವಾಗುವ ಒಂದು ಸಣ್ಣ ಕಟ್ಟುಪಾಡನ್ನು ಕೆಸರು ಅವನಿಂದ ಕಿತ್ತುಕೊಂಡಿತು. ನನಗೂ ಅಂಥ ಕ್ಷಣವೊಂದು ಎದುರಾಗಿದ್ದರೆ ನಾನು ಏನು ಮಾಡುತ್ತಿದ್ದೆ? ನಿಲ್ಲುತ್ತಿದ್ದೆ ಎಂದು ಹೇಳಿಕೊಳ್ಳುವುದು ಸುಲಭ. ಆ ದಿನದಿಂದ ನಾನು ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಕೊಡುವುದನ್ನು ಬಿಟ್ಟು ಚೊಂಬು ಹಿಡಿದಿದ್ದೇನೆ. 1903ರ ಕಾಯಿದೆ ಬರೆದವರು 'ಬೇಕೆಂದೇ ಮುಚ್ಚಿದವನು' ಮತ್ತು 'ಹಾಗೇ ಬಿಟ್ಟುಬಿಟ್ಟವನು' ಎಂದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಏಕೆಂದು ನನಗೆ ಆ ಸಂಜೆ ತಿಳಿಯಿತು.

ಈಗಿನ ಫಲಕಗಳ ವಿಷಯಕ್ಕೆ ಬರೋಣ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ವಾಹನಗಳೂ ಹಾಕಿಸಿಕೊಳ್ಳಬೇಕೆಂದು ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆದೇಶವಾಯಿತು. ಗಡುವು ಮಾತ್ರ ಹಲವು ಸಲ ಮುಂದಕ್ಕೆ ಹೋಯಿತು. ನಾನು 2024ರಲ್ಲಿ ಹಾಕಿಸಿಕೊಂಡೆ. ಒಂದು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡು, ಹೊಳೆಯುವ ಹಾಳೆ, ಉಬ್ಬಿದ ಅಂಕಿಗಳು, ಮೂಲೆಯಲ್ಲಿ ಎರಡು ಸೆಂಟಿಮೀಟರಿನ ಚೌಕಾಕಾರದ ಹೊಲೊಗ್ರಾಂ, ಲೇಸರಿನಿಂದ ಕೆತ್ತಿದ ಗುರುತಿನ ಸಂಖ್ಯೆ. ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲು ಬಾರದ ಬೀಗ. ಕಳ್ಳರು ಫಲಕ ಬದಲಿಸದಂತೆ ಇಷ್ಟೆಲ್ಲ ಏರ್ಪಾಡು. ಕೆಸರಿನ ವಿರುದ್ಧ ಮಾತ್ರ ಅದರಲ್ಲಿ ಯಾವ ಏರ್ಪಾಡೂ ಇಲ್ಲ. ಅಲ್ಯೂಮಿನಿಯಂ ಸಿಗುವ ಬಾಕ್ಸೈಟ್ ಅದಿರೂ ಚಿರೇಕಲ್ಲಿನ ಬಳಗದ್ದೇ. ಹಾಗೆ ನೋಡಿದರೆ ಫಲಕ ಮತ್ತು ಅದರ ಮೇಲಿನ ಕೆಸರು ಒಂದೇ ಕುಲದವು, ದಾಯಾದಿಗಳೆಂದರೂ ಆದೀತು.

1989ರ ಕೇಂದ್ರ ನಿಯಮಗಳ ಪ್ರಕಾರ ಬೈಕಿನ ಹಿಂಬದಿಯ ಫಲಕದಲ್ಲಿ ಅಕ್ಷರಗಳ ಎತ್ತರ 35 ಮಿಲಿಮೀಟರು, ಅಂಕಿಗಳದು 40. ಗೆರೆಯ ದಪ್ಪ 7, ನಡುವಿನ ಅಂತರ 5. ಐದು ಮಿಲಿಮೀಟರೆಂದರೆ ಒಂದು ಕಡಲೆಕಾಳಿನಷ್ಟು. ಅಷ್ಟು ಕೆಸರು ಸರಿಯಾದ ಜಾಗದಲ್ಲಿ ಕುಳಿತರೆ ಸಾಕು, 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ. ನನ್ನ ಯೆಜ್ಡಿಯ 8 ಅಂಕಿ 3 ಆದದ್ದು ಇದರ ತಿರುಗುಮುರುಗು.

ಕನ್ನಡ ಅಂಕಿಗಳನ್ನು ಬರೆಸಬಾರದೇಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಕನ್ನಡ ಅಂಕಿಗಳ ಮೇಲೆ ನನಗಿರುವ ಪ್ರೀತಿ ನಿಮಗೆ ಗೊತ್ತು. ಕರಿಹಲಗೆಯ ಮೇಲೆ ದಿನಾಂಕವನ್ನು ನಾನು ಯಾವಾಗಲೂ ಅದರಲ್ಲೇ ಬರೆಯುತ್ತಿದ್ದೆ. ಆದರೆ ನಿಯಮ ಒಪ್ಪುವುದಿಲ್ಲ. ನಿಯಮವನ್ನು ಬದಿಗಿಟ್ಟರೂ ನನ್ನ ಮನಸ್ಸು ಈಗ ಒಪ್ಪುವುದಿಲ್ಲ. ನಮ್ಮ ಮನೆಯ ಮುಂದಿನ ಹೆದ್ದಾರಿ 66 ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಹೋಗುತ್ತದೆ. ನಾನು ಯಾರಿಗಾದರೂ ಗುದ್ದಿದಾಗ ನನ್ನ ನಂಬರನ್ನು ನೋಡುವವನು ಕೇರಳದ ಲಾರಿ ಚಾಲಕನಿರಬಹುದು, ಗೋವಾದ ಪ್ರವಾಸಿಯಿರಬಹುದು. ಅವನಿಗೂ ಅದು ಓದಲು ಬರಬೇಕು.

ತೊಳೆಯುವ ವಿಧಾನದ ಬಗ್ಗೆ ನಾಲ್ಕು ಮಾತು. ಮೊದಲು ನೀರು ಸುರಿದು ಒಂದು ನಿಮಿಷ ನೆನೆಯಲು ಬಿಡಿ. ಒಣ ಬಟ್ಟೆಯಿಂದ ತಿಕ್ಕಿದರೆ ಚಿರೇಕಲ್ಲಿನ ಪುಡಿಯೇ ಮರಳುಕಾಗದದಂತೆ ಕೆಲಸ ಮಾಡಿ ಹಾಳೆಯನ್ನು ಗೀರುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸಾಬೂನಿನ ನೊರೆ ಸಾಕು, ಅಂಟುವಾಳದ ನೊರೆಯೂ ಆದೀತು. ಸೀಮೆಎಣ್ಣೆ, ಪೆಟ್ರೋಲು, ತೆಂಗಿನ ನಾರು, ಸ್ಟೀಲಿನ ಉಂಡೆ ಬೇಡವೇ ಬೇಡ. ಅಂಕಿಗಳ ಬಣ್ಣವೂ ಹೊಲೊಗ್ರಾಮೂ ಹಾಳಾಗುತ್ತವೆ. ಹಿಂದಿನ ಮಡ್‌ಗಾರ್ಡಿನ ರಬ್ಬರು ಹರಿದಿದ್ದರೆ ಹೊಸದು ಹಾಕಿಸಿ; ಅರ್ಧ ಕೆಸರು ಅಲ್ಲೇ ನಿಲ್ಲುತ್ತದೆ. ದೂರದ ಪ್ರಯಾಣದಲ್ಲಿ ಚಹಾಕ್ಕೆ ನಿಂತಾಗ ಒಮ್ಮೆ ಗಾಡಿಯ ಹಿಂದೆ ಹೋಗಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಆ ಹುಡುಗ 2013ರ ಮಾರ್ಚಿನ ಪರೀಕ್ಷೆಗೆ ಕೂರಲಾಗಲಿಲ್ಲ. ಜೂನಿನ ಪೂರಕ ಪರೀಕ್ಷೆ ಬರೆದು ಪಾಸಾದ. ಈಗ ಅವನಿಗೆ ಸ್ವಂತ ಆಟೋರಿಕ್ಷಾ ಇದೆ, ಮದುವೆಯಾಗಿದೆ. ಮಳೆಗಾಲದಲ್ಲಿ ಕಾಲು ನೋಯುತ್ತದಂತೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆ. "ಬರೀರಿ ಸರ್, ಹೆಸರು ಮಾತ್ರ ಬೇಡ" ಎಂದ. ಅವನ ತಂದೆಯವರು ಈಗಿಲ್ಲ.

ಕಳೆದ ಶ್ರಾವಣದಲ್ಲಿ ಭಟ್ಕಳದಿಂದ ಬರುವಾಗ ಮಂಕಿಯ ಹತ್ತಿರ ಜೋರು ಮಳೆ ಹಿಡಿದು ಒಂದು ಅಂಗಡಿಯ ಮಾಡಿನಡಿ ನಿಂತಿದ್ದೆ. ಅಲ್ಲೇ ಅವನ ರಿಕ್ಷಾವೂ ನಿಂತಿತ್ತು. ರಿಕ್ಷಾದ ಮೈಯೆಲ್ಲ ಕೆಂಪು ಕೆಸರು. ಹಿಂದಿನ ಹಳದಿ ಫಲಕ ಮಾತ್ರ ತೊಳೆದಿಟ್ಟ ತಟ್ಟೆಯಂತಿತ್ತು. ನಾನು ಅದನ್ನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಆ ಬಗ್ಗೆ ಏನೂ ಮಾತಾಡಲಿಲ್ಲ. "ಚಹಾ ಕುಡೀತ್ರ ಸರ್?" ಎಂದು ಕೇಳಿದ. ಕುಡಿದೆವು.

ಮೊಮ್ಮಗನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಊರಿಗೆ ಬರುವ ಬಂಧುಗಳಲ್ಲೂ ವಿದ್ಯಾರ್ಥಿಗಳಲ್ಲೂ ಒಂದು ಕೋರಿಕೆ: ನಮ್ಮ ಮನೆಯ ಬಾವಿಕಟ್ಟೆಯಲ್ಲಿ ಚೊಂಬು ಯಾವಾಗಲೂ ಇರುತ್ತದೆ, ಹಳೆಯ ಪಂಚೆಯ ತುಂಡು ಅಲ್ಲೇ ಗೂಟಕ್ಕೆ ನೇತುಹಾಕಿದೆ. ಗಾಡಿ ನಿಲ್ಲಿಸಿದವರು ಒಳಗೆ ಬರುವ ಮೊದಲು ಅದನ್ನು ಉಪಯೋಗಿಸಬೇಕು. ಅಷ್ಟರಲ್ಲಿ ಚಹಾಕ್ಕೆ ನೀರು ಕುದಿಯುತ್ತಿರುತ್ತದೆ.